ಉಪ್ಪು ಜಾಸ್ತಿಯಾದ ಶಾವಿಗೆ

ತುಪ್ಪದಲ್ಲಿ ಶಾವಿಗೆ ಹುರಿಯುವ ವಾಸನೆ ಬಂದರೆ ಸಾಕು, ಈ ವಯಸ್ಸಿನಲ್ಲೂ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗಿಯಾಗಿಬಿಡುತ್ತೇನೆ. ಐವತ್ತರ ದಶಕದ ಮಾತು. ದಾವಣಗೆರೆಯ ಹಳೇ ಪೇಟೆಯಲ್ಲಿದ್ದ ನಮ್ಮ ಮನೆ ಈಗಿಲ್ಲ, ಅದರ ಜಗಲಿ ಇದ್ದಲ್ಲಿ ಬಟ್ಟೆ ಅಂಗಡಿಯ ಗಾಜು ಹೊಳೆಯುತ್ತದೆ. ಪ್ರತಿ ಬೇಸಿಗೆ ಆ ಮನೆಗೆ ಊರಂಚಿನ ಆನೆಕೊಂಡದಿಂದ ಒಂದು ಬುಟ್ಟಿ ಶಾವಿಗೆ ಬರುತ್ತಿತ್ತು. ತರುವವಳು ಫಾತಿಮಾಬಿ, ಹೊಸೆದವಳು ಅವಳ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಗಿರಿಜತ್ತೆ, ನನ್ನ ಅಪ್ಪನ ತಂಗಿ. ರಂಜಾನಿಗೆ ಆ ಓಣಿಯವರೆಲ್ಲ ಅವಳ ಶಾವಿಗೆಯನ್ನೇ ಕೊಳ್ಳುತ್ತಿದ್ದರು. ಅದರಲ್ಲೇ ಅವಳ ಜೀವನ ನಡೆಯುತ್ತಿತ್ತು.

ಹರಿಹರದ ಗಂಡನ ಮನೆಯಿಂದ ಗಿರಿಜತ್ತೆ ಒಂದು ದಿನ ಹೊರಟುಹೋಗಿದ್ದಳಂತೆ. ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರನ ಜೊತೆ ಎಂದು ಕೆಲವರು, ಅಲ್ಲ, ಶಾಲೆ ಮಾಸ್ತರನ ಜೊತೆ ಎಂದು ಕೆಲವರು. ಯಾರ ಜೊತೆಗೂ ಅಲ್ಲ, ಒಬ್ಬಳೇ ಹೋದಳು ಎಂದು ನಮ್ಮಮ್ಮ ಒಮ್ಮೆ ಹೇಳಿದ್ದಳು; ಹೇಳುವಾಗ ದನಿಯನ್ನು ಇನ್ನೂ ತಗ್ಗಿಸಿದ್ದಳು. ಒಬ್ಬಳೇ ಹೋಗುವುದರಲ್ಲಿ ಅಷ್ಟು ಪಿಸುಗುಡುವಂಥದ್ದೇನಿದೆ ಎಂದು ನನಗೆ ತಿಳಿಯಲಿಲ್ಲ. ಅವಳಿಗೆ ನಮ್ಮ ಮನೆಯ ಹೊಸಿಲು ದಾಟಗೊಡಬಾರದೆಂದು ಅಜ್ಜ ಸಾಯುವಾಗ ಅಜ್ಜಿಯಿಂದ ಆಣೆ ಮಾಡಿಸಿಕೊಂಡಿದ್ದರು. ಅಜ್ಜಿ ಮಗಳ ಹೆಸರೆತ್ತುತ್ತಿರಲಿಲ್ಲ. ಆದರೆ ಶಾವಿಗೆ ಬಂದ ದಿನ ಒಂದು ಎಳೆ ಮುರಿದು ಬಾಯಿಗಿಟ್ಟುಕೊಂಡು ಕೊಂಕು ತೆಗೆಯುತ್ತಿದ್ದಳು. "ದಪ್ಪ ಆಗೈತೆ ಅಂತ ಹೇಳು", "ಹಿಟ್ಟು ಸರಿ ನಾದಿಲ್ಲ ಅಂತ ಹೇಳು." ಫಾತಿಮಾಬಿ ಹೋಗಿ ಹಾಗೇ ಹೇಳುತ್ತಿದ್ದಳು. ಇಷ್ಟು ಕೊಂಕು ತೆಗೆಯುವವಳು ಮರುವರ್ಷ ಮತ್ತೆ ಯಾಕೆ ತರಿಸುತ್ತಾಳೆ ಎನ್ನುವುದೂ ನನಗೆ ಬಗೆಹರಿಯದ ಮಾತು.

ನನಗೆ ಒಂಬತ್ತು ವರ್ಷವಿದ್ದಾಗ ಫಾತಿಮಾಬಿ ಬುಟ್ಟಿ ಇಳಿಸಿದವಳೇ ಮಗಳ ಊರಿಗೆ ಹೊರಟುಬಿಟ್ಟಳು. ಮಾತು ಒಯ್ಯಲು ಅಜ್ಜಿ ನನ್ನನ್ನು ಕಳಿಸಿದಳು. "ಉಪ್ಪು ಜಾಸ್ತಿ ಆಗೈತೆ ಅಂತ ಹೇಳಿ ಬಾ. ಅಲ್ಲಿ ಕೂಡ್ರಬ್ಯಾಡ." ಹೋದಾಗ ಗಿರಿಜತ್ತೆ ಮಣೆಯ ಮೇಲೆ ಹಿಟ್ಟು ಹೊಸೆಯುತ್ತಿದ್ದಳು. ಅಂಗೈ ಕೆಳಗಿಂದ ಎಳೆ ದಾರದಂತೆ ಇಳಿಯುತ್ತಿತ್ತು. ಅಂಗಳದ ತುಂಬ ಕೋಲುಗಳ ಮೇಲೆ ಹಸಿ ಶಾವಿಗೆ, ಗೋಧಿಯ ಸಿಹಿ ವಾಸನೆ. ನಾನು ಯಾರ ಮಗಳೆಂದು ಹೇಳಿದ್ದೇ ಅವಳ ಮುಖ ಎಷ್ಟು ಅರಳಿತೆಂದರೆ, ಉಪ್ಪಿನ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. "ಭಾಳ ಚಲೋ ಆಗೈತಂತೆ" ಎಂದುಬಿಟ್ಟೆ. ಅತ್ತೆಯ ಕೈ ನಿಂತಿತು. "ಏನೂ ಕೊಂಕು ತೆಗೀಲಿಲ್ಲಾ? ಅವ್ವ ಹುಷಾರದಾಳೇನೆ?" ಹ್ಞೂಂ ಎಂದರೂ ನಂಬಲಿಲ್ಲ. ಕೈಗಂಟಿದ ಹಿಟ್ಟನ್ನೂ ತೊಳೆಯದೆ ನನ್ನ ರಟ್ಟೆ ಹಿಡಿದು ಹೊರಟಳು.

ಅಜ್ಜಿ ಜಗಲಿಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಗಟ್ಟಿಮುಟ್ಟಾಗಿ ಕೂತಿದ್ದಳು. ಅತ್ತೆ ಬೀದಿಯಲ್ಲೇ ನಿಂತಳು. ಎಂಟು ವರ್ಷದ ಮೇಲೆ ಅವರು ಒಬ್ಬರನ್ನೊಬ್ಬರು ನೋಡಿದ್ದು.

"ಉಪ್ಪು ಜಾಸ್ತಿ ಆಗಿತ್ತು" ಎಂದಳು ಅಜ್ಜಿ.

ಅತ್ತೆ ನಕ್ಕಳು, ಕಣ್ಣಲ್ಲಿ ನೀರು. ಅಜ್ಜಿ ಮೊರ ಕೆಳಗಿಟ್ಟು ಹೊಸಿಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಬಿಸಿಲಾಗ ಬಂದೀ. ಒಳಗ ಬಾ" ಎಂದಳು. ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಿಂದಕ್ಕೆ ತೆಗೆದುಕೊಂಡಳು. "ಬ್ಯಾಡವ್ವ. ಶಾವಿಗೆ ಒಣಗಾಕ ಹಾಕಿ ಬಂದೀನಿ, ಕಾಗೆ ಬರ್ತಾವ" ಎಂದು ಬಂದ ದಾರಿಯಲ್ಲೇ ಹೋದಳು.

ತಾಯಿಗೆ ಆಣೆ ಮುರಿದ ಪಾಪ ತಟ್ಟದಿರಲಿ ಎಂದೋ, ಆ ಹೊಸಿಲೇ ಅವಳಿಗೆ ಬೇಡವಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಸುಳ್ಳಿನಿಂದ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಅದೂ ಗೊತ್ತಿಲ್ಲ. ಮರುವರ್ಷ ಅಜ್ಜಿ ಫಾತಿಮಾಬಿಯನ್ನು ಬಿಟ್ಟು ನನ್ನನ್ನೇ ಕರೆದಳು. "ಉಪ್ಪು ಕಮ್ಮಿ ಆಗೈತೆ ಅಂತ ಹೇಳು. ನಾ ಹೇಳಿದಷ್ಟೇ ಹೇಳಬೇಕು." ಹೇಳಿದೆ. ಅತ್ತೆ ನೆಮ್ಮದಿಯಿಂದ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಈಗ ಇಬ್ಬರೂ ಇಲ್ಲ. ಅಂಗಡಿಯಿಂದ ಪೊಟ್ಟಣದ ಶಾವಿಗೆ ತರುತ್ತೇನೆ. ಹುರಿಯುವ ಮುಂಚೆ ಒಂದು ಎಳೆ ಮುರಿದು ಬಾಯಿಗಿಟ್ಟುಕೊಳ್ಳುತ್ತೇನೆ. ಉಪ್ಪೇ ಇರುವುದಿಲ್ಲ. ಹೇಳಿ ಕಳಿಸೋಣವೆಂದರೆ ಆನೆಕೊಂಡದಲ್ಲಿ ಯಾರಿದ್ದಾರೆ?