ಸಾಸಿವೆ ಗಾತ್ರದ ಗುಳಿಗೆ

ನಾದಿನಿಯ ಕಾಟ ಯಾವ ಸೊಸೆಗೆ ತಪ್ಪಿದ್ದು? ನನ್ನ ನಾದಿನಿ ಮಾತ್ರ ನಾನು ಆ ಮನೆಗೆ ಕಾಲಿಡುವ ಮೊದಲೇ ಸತ್ತುಹೋಗಿದ್ದವಳು. ಒಂಬತ್ತು ವರ್ಷದ ಹುಡುಗಿ, ವಿಷಮಜ್ವರದಲ್ಲಿ ಹೋದಳು ಎಂದು ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಬೀಗರೆದುರು ಕೂತಿದ್ದ ನನ್ನ ಅವ್ವ "ಪಾಪ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಒಳಗೆ ಬಂದು ನನ್ನ ಕಿವಿಯಲ್ಲಿ, "ಒಬ್ಬ ನಾದ್ನಿ ಕಮ್ಮಿ ಆತು, ನಿನ್ನ ದೈವ ಚಲೋ ಐತಿ" ಅಂದಳು. ಅವ್ವನ ಲೆಕ್ಕ ಆ ಸಲ ತಪ್ಪಿತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಇಚಲಕರಂಜಿಗೆ ಸೊಸೆಯಾಗಿ ಬಂದೆ. ಮುಂದಿನ ಪಡಸಾಲೆಯಲ್ಲಿ ಕರೆಂಟಿನ ಎರಡು ಮಗ್ಗ, ಹಿಂದೆ ಅಡಿಗೆಮನೆ, ನಡುವಿನ ಕೋಣೆಯಲ್ಲಿ ಅತ್ತೆಯ ರಾಟೆ. ಅದರಲ್ಲಿ ಅವರು ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಬೆಳಗಿನಿಂದ ಮಗ್ಗದ ಸದ್ದು. ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಜಗಳದ ಹಾಗೆ ಕೂಗಿಯೇ ಆಡಬೇಕಾದ ಮನೆ ಅದು. ಎಷ್ಟೋ ವರ್ಷ ಆ ಸದ್ದಿನಲ್ಲೇ ಕೂತು ಅತ್ತೆಯ ಕಿವಿ ಮಂದವಾಗಿತ್ತು. ನನ್ನ ಹೆಸರು ಅವರ ಬಾಯಿಗೆ ಬರಲೇ ಇಲ್ಲ. "ಏ ಗಡಿಂಗ್ಲಜದಾಕಿ" ಎಂದು ಕರೆಯುವರು. ಅದರಲ್ಲಿ ಸಿಟ್ಟೂ ಇರಲಿಲ್ಲ, ಅಕ್ಕರೆಯೂ ಇರಲಿಲ್ಲ.

ಮದುವೆಯ ಹಿಂದಿನ ವರ್ಷ ಅತ್ತೆಗೆ ಸರ್ಪಸುತ್ತು ಆಗಿತ್ತಂತೆ. ಮರಾಠಿ ನೆರೆಹೊರೆಯವರು ಅದನ್ನು ನಾಗೀಣ ಅನ್ನುತ್ತಾರೆ. ಬೆನ್ನಿನಿಂದ ಹೊರಟ ಗುಳ್ಳೆಗಳ ಸಾಲು ಎಡಪಕ್ಕೆಯನ್ನು ಬಳಸಿ ಎದೆಯ ಕೆಳಗೆ ಬಂದಿತ್ತು. ಹೆಡೆಗೆ ಬಾಲ ಕೂಡಿದರೆ ಆಳು ಉಳಿಯುವುದಿಲ್ಲ ಎಂದು ಹೆದರಿ, ಹೆಡೆಯ ಮುಂದೆ ಕೆಮ್ಮಣ್ಣಿನ ಗೆರೆ ಎಳೆದಿದ್ದರು. ಹಾವು ಗೆರೆ ದಾಟಲಿಲ್ಲ, ಗುಳ್ಳೆಗಳು ಒಣಗಿದವು. ಹಾವು ಹೋಯಿತು, ಬೆಂಕಿ ಉಳಿಯಿತು. ಎಡಪಕ್ಕೆಗೆ ಬಟ್ಟೆ ತಾಗಿದರೆ ಸಾಕು, ಕೆಂಡ ಇಟ್ಟಂತೆ ಬೆಚ್ಚುತ್ತಿದ್ದರು. ಊರಿಗೆಲ್ಲ ಬಟ್ಟೆ ನೇಯುವ ಮನೆಯಲ್ಲಿ ಮನೆಯೊಡತಿಗೆ ಉಡಲು ಒಂದು ಬಟ್ಟೆ ಇರಲಿಲ್ಲ. ತೀರಿಹೋದ ಮಾವನ ಹಳೇ ಧೋತರವನ್ನು ಒಗೆದೊಗೆದು ಮೆತ್ತಗೆ ಮಾಡಿ ಹೊದ್ದು, ಎಡಮಗ್ಗುಲನ್ನು ಗೋಡೆಗೆ ಮರೆಮಾಡಿ ಕೂರುತ್ತಿದ್ದರು. ಓಣಿಯ ಹೆಂಗಸರು ಬಂದು, "ಹುಣ್ಣ ಆರೇತಲ್ಲವಾ, ಇನ್ನೆಂಥಾ ನೋವು?" ಎಂದು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಗಾಯ ಕಾಣದಿದ್ದರೆ ನೋವನ್ನು ಯಾರೂ ನಂಬುವುದಿಲ್ಲ.

ಕೊಲ್ಲಾಪುರದ ವಯಸ್ಸಾದ ಡಾಕ್ಟರೊಬ್ಬರು ಬೇರೆಲ್ಲ ಔಷಧ ಸೋತ ಮೇಲೆ ಅಫೀಮು ಬರೆದುಕೊಟ್ಟರು. ಅದಕ್ಕೆ ಸರಕಾರದ ಪರವಾನಗಿ ಬೇಕಾಗಿತ್ತು. ನನ್ನ ಗಂಡ ಓಡಾಡಿ ಮಾಡಿಸಿಕೊಂಡು ಬಂದ. ಕರೀ ಬೆಲ್ಲದಂಥ ಸಣ್ಣ ಉಂಡೆ. ತಾಯಿ ಅಫೀಮು ತಿನ್ನುವುದನ್ನು ನೋಡಲಾರದೆ ಅವನು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮಗ್ಗದ ಕಡೆ ಹೋದ. ಹಾಗಾಗಿ ಗುಳಿಗೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಹೇಳಿದಂತೆ ಮೊದಲ ದಿನ ಸಾಸಿವೆ ಕಾಳಿನಷ್ಟು ಉರುಟು ಮಾಡಿ ಕೊಟ್ಟೆ.

ಆ ಮಧ್ಯಾಹ್ನ ಅತ್ತೆ ಕುಪ್ಪಸ ತೊಟ್ಟರು. ತೊಟ್ಟು, ಕೈಯಿಂದ ಎಡಪಕ್ಕೆಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡು, ರಾಟೆಯ ಮುಂದೆ ಬಂದು ಕೂತರು. ನಾನು ಖುಷಿಯಲ್ಲಿ ನೂಲು ಬಿಡಿಸಿಕೊಡಲು ಅವರ ಎಡಕ್ಕೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರು ತಲೆ ಎತ್ತದೆಯೇ, "ಏ ಗಡಿಂಗ್ಲಜದಾಕಿ, ತುಸು ಅತ್ತಾಗ ಸರಿ. ಅಕಿ ಕುಂತಾಳ" ಅಂದರು.

"ಯಾರ್ರೀ ಅತ್ತಿ?"

"ನನ್ನ ಮಗಳು. ಅಕಿ ಜಾಗಾ ಅದು."

ನಾನು ನೂಲಿನ ಲಡಿ ಎತ್ತಿಕೊಂಡು ಅತ್ತ ಸರಿದೆ. ಅತ್ತೆ ಮಾತ್ರ ಆ ಖಾಲಿ ನೆಲದ ಕಡೆ ಬಾಗಿ, ನಾನು ಎಂದೂ ಕೇಳಿರದ ಮೆದು ದನಿಯಲ್ಲಿ ಏನೇನೋ ಹೇಳುತ್ತಿದ್ದರು, ಉತ್ತರ ಕೇಳಿಸಿಕೊಂಡು ನಗುತ್ತಿದ್ದರು. ಕಿವಿ ಮಂದವಾದವರಿಗೆ ಆ ಮಗಳ ಮಾತು ಒಂದೇ ಸಲಕ್ಕೆ ಕೇಳಿಸುತ್ತಿತ್ತು. ನಾನು ಓಡಿಹೋಗಿ ಗಂಡನಿಗೆ ಹೇಳಿದೆ. ಅವನು ಮಗ್ಗ ನಿಲ್ಲಿಸಿ, ಬೆವರು ಒರೆಸಿಕೊಂಡು, "ನೋವ ಇಲ್ಲದ ಕುಂತಾಳಲಾ ಅವ್ವ. ಸುಮ್ನಿರು" ಅಂದ. ಮತ್ತೆ ಮಗ್ಗ ಶುರು ಮಾಡಿದ. ಆ ತಂಗಿಯ ಬಗ್ಗೆ ಅವನು ಅದಕ್ಕಿಂತ ಹೆಚ್ಚು ಎಂದೂ ಮಾತಾಡಲಿಲ್ಲ.

ದಿನಾ ಮಧ್ಯಾಹ್ನ ಗುಳಿಗೆ ಇಳಿದ ಮೇಲೆ ನನ್ನ ನಾದಿನಿ ಬಂದು ಕೂರುತ್ತಿದ್ದಳು. ಅವಳಿಗೆ ಶೇಂಗಾ ಬೆಲ್ಲ ಇಷ್ಟ, ಹಲ್ಲಿ ಕಂಡರೆ ಚೀರುತ್ತಾಳೆ, ಜಡೆ ಬಿಗಿಯಾಗಿ ಹಾಕಿದರೆ ಅಳುತ್ತಾಳೆ ಎನ್ನುವುದೆಲ್ಲ ಅತ್ತೆಯ ಒಂಟಿಮಾತಿನಿಂದಲೇ ನನಗೆ ಗೊತ್ತಾಯಿತು. ನನಗೆ ಹೆದರಿಕೆ ಇತ್ತು, ಅದರ ಜೊತೆ ಹೊಟ್ಟೆಕಿಚ್ಚೂ ಇತ್ತು. ಇಡೀ ದಿನ ದುಡಿಯುವ ನನಗೆ ಒಂದು ಒಳ್ಳೇ ಮಾತಿಲ್ಲ, ಕೆಲಸಕ್ಕೆ ಬಾರದ ಆ ಹುಡುಗಿಗೆ ಅಷ್ಟೊಂದು ಮಾತು! ಆದರೂ ಕಸ ಗುಡಿಸುವಾಗ ಆ ಜಾಗವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ. ಈಗಲೂ ಯಾರ ಮನೆಯಲ್ಲಿ ರಾಟೆ ಕಂಡರೂ ಅದರ ಎಡಮಗ್ಗುಲಿಗೆ ನಾನು ಕಾಲಿಡುವುದಿಲ್ಲ.

ದೀಪಾವಳಿಯ ಹೊತ್ತಿಗೆ ಸಾಸಿವೆ ಸಾಲದಾಯಿತು. ಕುಪ್ಪಸ ಮತ್ತೆ ಗೂಟಕ್ಕೆ ಹೋಯಿತು. ಡಾಕ್ಟರನ್ನು ಕೇಳಿ ಮೆಂತ್ಯದ ಕಾಳಿನಷ್ಟು ಕೊಟ್ಟೆವು. ಒಂದಷ್ಟು ಕಾಲ ಸುಖವಿತ್ತು. ಆಮೇಲೆ ಜೋಳದ ಕಾಳಿನಷ್ಟು. ಅಲ್ಲಿಂದ ಮುಂದೆ ಡಾಕ್ಟರನ್ನು ಕೇಳುವುದನ್ನೂ ಬಿಟ್ಟೆವು. ಪರವಾನಗಿಯದು ಸಾಲದೆ, ಮೊದಲು ನೋವನ್ನು ನಂಬದಿದ್ದ ಓಣಿಯ ಹೆಂಗಸರೇ ಈಗ ಕನಿಕರದಿಂದ ಎಲ್ಲಿಂದಲೋ ತಂದುಕೊಡುತ್ತಿದ್ದರು. ನನ್ನ ಮಗನ ತೊಟ್ಟಿಲು ಕಟ್ಟುವ ಹೊತ್ತಿಗೆ ಅದು ಕಡಲೆಯಷ್ಟಾಗಿತ್ತು. ನೋವು ಇದ್ದಲ್ಲೇ ಇತ್ತು. ಅತ್ತೆ ಉಣ್ಣುತ್ತ ಉಣ್ಣುತ್ತಲೇ ತೂಕಡಿಸುವರು, ಹೊಟ್ಟೆ ಕಟ್ಟಿ ನರಳುವರು. ಕೆಲವೊಮ್ಮೆ ಉಸಿರು ಎಷ್ಟು ನಿಧಾನವಾಗುತ್ತಿತ್ತೆಂದರೆ ನಾನು ಮಗುವನ್ನು ಬಿಟ್ಟು ಬಂದು ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ.

ಒಂದು ದಿನ ನಾನು ಸಿಟ್ಟಿನಿಂದ, "ಇಷ್ಟು ತಗೊಂಡ್ರೂ ನೋವ ಹೋಗಂಗಿಲ್ಲ ಅಂದ್ರ ಮತ್ಯಾಕ ತಗೋತೀರಿ ಅತ್ತಿ?" ಎಂದೆ.

ಅವರು ನನ್ನನ್ನು ನೋಡಲಿಲ್ಲ. "ಮದಲ ಅಕಿ ಮಾತಾಡ್ತಿದ್ಲು. ಆಮ್ಯಾಲ ಸುಮ್ಮ ಕುಂಡ್ರಾಕ ಹತ್ತಿದ್ಲು. ಈಗ ಬೆನ್ನಷ್ಟ ಕಾಣ್ತಾಳ. ಒಂದೀಟ ಹೆಚ್ಚ ಕೊಟ್ಟಿ ಅಂದ್ರ ತಿರಗಿ ನೋಡಿಯಾಳು" ಅಂದರು.

ಆಗ ನನಗೆ ತಿಳಿಯಿತು. ಇವರು ಗುಳಿಗೆ ಬೇಡುತ್ತಿದ್ದದ್ದು ಪಕ್ಕೆಯ ಉರಿಗೆ ಮಾತ್ರ ಅಲ್ಲ. ಹೀಗೇ ಬಿಟ್ಟರೆ ಮಗಳ ಮುಖ ನೋಡಬೇಕೆಂದು ಒಂದು ದಿನ ಉಸಿರನ್ನೇ ಬಿಡುತ್ತಾರೆ ಅನ್ನಿಸಿತು. ಮರುದಿನವೇ ಗಂಡನಿಗೆ ಮಗುವನ್ನು ಒಪ್ಪಿಸಿ, ಅತ್ತೆಯನ್ನು ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಅತ್ತೆಯ ರೆಪ್ಪೆ ಎತ್ತಿ ನೋಡಿ, ಉಸಿರು ಎಣಿಸಿ, "ಆಜೀ, ಅಂಗಾಲಾ ಸವಯ ಝಾಲೀಯ" ಅಂದರು. ಮೈಗೆ ರೂಢಿಯಾಗಿದೆ ಎಂದು ಅದರ ಅರ್ಥ. ಅತ್ತೆಯ ಮಂದ ಕಿವಿಗೆ ಆ ಮರಾಠಿ 'ಸವಯ' ನಮ್ಮ ಕನ್ನಡದ 'ಸವಿ'ಯಾಗಿ ಕೇಳಿಸಿತು. ಅವರು ಕೂತಲ್ಲಿಂದ ಎದ್ದೇಬಿಟ್ಟರು. "ಸವಿ ಹತ್ತೇತಿ ಅಂತಾರೇನು ನನಗ? ಸವೀಗೆ ತಿಂತೀನಿ ಅಂತ ತಿಳದಾರೇನು? ಬೇವಿಗಿಂತ ಕಹಿ ಐತಿ ಅದು. ಹೇಳು ಅವರಿಗೆ!"

ಡಾಕ್ಟರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಅವರು ನಗಲಿಲ್ಲ. ಅತ್ತೆಯ ಕಿವಿಯ ಹತ್ತಿರ ಬಾಗಿ, ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು: "ಸವಿ ನಾಹೀ, ಆಜೀ. ರೂಢಿ. ಇದು ನಿಮ್ಮ ತಪ್ಪು ಅಲ್ಲ, ಮೈ ಹಂಗ ಐತಿ. ನಿನ್ನೆ ಸಾಸಿವಿ ಮಾಡಿದ ಕೆಲಸಕ್ಕೆ ಇವತ್ತ ಕಡಲಿ ಬೇಕು. ನಾಳೆ ಇನ್ನ ದೊಡ್ಡದು. ನೋವು ನಿಲ್ಲೂಕಿಂತ ಮದಲ ಶ್ವಾಸ ನಿಲ್ಲತೈತಿ." ಒಮ್ಮೆಲೇ ಬಿಡಬಾರದು, ಬಿಟ್ಟರೆ ಮೈ ದಂಗೆ ಏಳುತ್ತದೆ ಅಂದರು. ಚೂರು ಚೂರು ಇಳಿಸಬೇಕು, ಮೈ ಶಾಂತವಾದ ಮೇಲೆ ಮತ್ತಷ್ಟು ಇಳಿಸಬೇಕು. "ಮೈ ಹಳೇ ರೂಢಿ ಮರೀತೈತಿ. ಆಮ್ಯಾಲ ಸಣ್ಣ ಗುಳಿಗಿ ಮತ್ತ ಹೊಸದರಹಂಗ ಕೆಲಸ ಮಾಡತೈತಿ."

ಮರಳಿ ಬರುವಾಗ ಬಸ್ಸು ಹಾತಕಣಂಗಲೆಯಲ್ಲಿ ನಿಂತಿತು. ಅತ್ತೆ ನನ್ನ ತೋಳು ಹಿಡಿದರು. "ಸಣ್ಣ ಗುಳಗಿ ಮತ್ತ ಹೊಸದರಂಗ ಆಗತೇತಿ ಅಂದ್ರಲಾ. ಹಂಗಾದ್ರ ಅಕೀನೂ ಮದಲಿನ್ಹಂಗ ಬರ್ತಾಳ."

"ಅದನ್ನ ಡಾಕ್ಟರು ಹೇಳಿಲ್ರೀ ಅತ್ತಿ."

"ನೀ ಸುಮ್ನಿರು. ನಂಗ ತಿಳೀತು."

ಇಚಲಕರಂಜಿಯಲ್ಲಿ ಗುಳಿಗೆಯ ಗಾತ್ರ ಇಳಿಸುವ ಕೆಲಸ ಆಗುವಂತಿರಲಿಲ್ಲ. ಕನಿಕರದ ಹೆಂಗಸರಿಗೆ ಅಡ್ಡ ನಿಲ್ಲುವವರು ಯಾರು? ಗಡಹಿಂಗ್ಲಜದ ನನ್ನ ತವರಿಗೆ ಕರೆದೊಯ್ಯುತ್ತೇನೆ ಅಂದಾಗ ಗಂಡನ ಮುಖ ಕೆಂಪಾಯಿತು. "ಸೊಸಿ ತವರಮನ್ಯಾಗ ಅವ್ವ ತಿಂಗಳಾನುಗಟ್ಟಲೆ ಕೂತ ಉಣ್ಣೂದಂದ್ರ ಮಂದಿ ಏನಂದಾರು?" ಅದಕ್ಕೆ ಅತ್ತೆಯೇ ಉತ್ತರ ಕೊಟ್ಟರು: "ನನ್ನ ಪಕ್ಕ್ಯಾಗಿನ ಬೆಂಕಿ ಮಂದಿ ನೋಡ್ಯಾರೇನು? ನಾ ಹೊಂಟೆ."

ಮಳೆ ಹಿಡಿದ ಕಾಲದಲ್ಲಿ ಮಗುವನ್ನೂ ಕಟ್ಟಿಕೊಂಡು ಹೋದೆವು. ದಿನಾ ಗುಳಿಗೆ ಉರುಟು ಮಾಡಿ, ಹೆಬ್ಬೆರಳಿನ ಉಗುರಿನಿಂದ ಚೂರು ಕೆರೆದು ಡಬ್ಬಿಗೆ ಹಾಕುತ್ತಿದ್ದೆ. ಇಳಿಸಿದಾಗಲೆಲ್ಲ ಅತ್ತೆಗೆ ಆಕಳಿಕೆಯ ಮೇಲೆ ಆಕಳಿಕೆ, ಮೂಗು ಕಣ್ಣು ಸುರಿಯುವುದು, ಹೊಟ್ಟೆ ನುಲಿಯುವುದು, ಕಾಲು ಒಂದು ಕಡೆ ನಿಲ್ಲದೆ ಒದ್ದಾಡುವುದು. ಅದರ ಮೇಲೆ ಪಕ್ಕೆಯ ಉರಿ. ಅಂಥ ದಿನಗಳಲ್ಲಿ ಇಳಿಸುವುದನ್ನು ನಿಲ್ಲಿಸಿ ಅದೇ ಗಾತ್ರದಲ್ಲಿ ಇರುತ್ತಿದ್ದೆವು. ಅವ್ವ ಆಜರಾ ಊರಿನ ಅಕ್ಕಿಯ ಗಂಜಿಗೆ ಮಜ್ಜಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸುವಳು. ಅತ್ತೆ ನನಗೆ ಇಟ್ಟ ಹೆಸರುಗಳನ್ನು ಬರೆಯುವಂತಿಲ್ಲ. ನನ್ನ ಏಳು ತಲೆಮಾರಿನವರನ್ನೂ ಸಾಲಾಗಿ ನಿಲ್ಲಿಸಿ ಬೈದರು. ಬೈಗುಳ ನಾನು ತಾಳಿಕೊಂಡೆ. ಆದರೆ ಒಂದು ಬೆಳಿಗ್ಗೆ ಅವರು ನನ್ನ ಪಾದ ಹಿಡಿದು, "ನಿನ್ನ ಕಾಲ ಬೀಳ್ತೇನಿ, ಒಂದ ಕಡಲಿಯಷ್ಟ ಕೊಡು" ಅಂದಾಗ ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಅತ್ತೆ ಸೊಸೆಯ ಕಾಲು ಹಿಡಿಯುವುದನ್ನು ಯಾವ ಸೊಸೆಯೂ ನೋಡಬಾರದು. ಅವ್ವ ಒಲೆಯ ಮುಂದಿನಿಂದ ಏಳದೆ, "ಅಳು. ಆದ್ರ ಕೊಡಬ್ಯಾಡ" ಅಂದಳು.

ಅಷ್ಟರಲ್ಲೂ ಅತ್ತೆ ಮಗಳನ್ನು ಹುಡುಕಲಿಲ್ಲ. ಕೇಳಿದ್ದಕ್ಕೆ, "ಅಕಿಗೆ ಈ ಊರ ದಾರಿ ಗೊತ್ತಿಲ್ಲ. ಅಲ್ಲೇ ಇರ್ತಾಳ" ಅಂದರು. ಆ ನಂಬಿಕೆ ಹಿಡಿದುಕೊಂಡೇ ಅವರು ಕಡಲೆಯಿಂದ ಜೋಳಕ್ಕೆ, ಜೋಳದಿಂದ ಮೆಂತ್ಯಕ್ಕೆ ಇಳಿದರು. ಮಗಳಿಗಾಗಿ ಬೆಂಕಿಯಲ್ಲಿ ನಡೆಯುತ್ತಿದ್ದ ಆ ಹೆಂಗಸಿನ ಮೇಲೆ ನನಗೆ ಅಲ್ಲಿಯೇ ಪ್ರೀತಿ ಹುಟ್ಟಿತು. ಮನೆಗೆ ಮರಳಿದ ಮೇಲೆ ಏನು ಕಾದಿದೆಯೋ ಎಂಬ ಭಯವೂ ಅಲ್ಲಿಯೇ ಹುಟ್ಟಿತು.

ಸುಗ್ಗಿಯ ಹೊತ್ತಿಗೆ ಇಚಲಕರಂಜಿಗೆ ಬಂದೆವು. ಬಂದ ಮರುದಿನ ಅತ್ತೆ ತಲೆಗೆ ಎರೆದುಕೊಂಡರು, ಕುಪ್ಪಸ ತೊಟ್ಟು ಒಳ್ಳೇ ಸೀರೆ ಉಟ್ಟರು. ನಾನು ಕೊಟ್ಟ ಸಾಸಿವೆ ಗಾತ್ರದ ಗುಳಿಗೆ ನುಂಗಿ ರಾಟೆಯ ಮುಂದೆ ಕೂತರು. ಎಡಮಗ್ಗುಲಿನಲ್ಲಿ ಒಂದು ಬಟ್ಟಲು ಶೇಂಗಾ ಬೆಲ್ಲ ಇಟ್ಟಿದ್ದರು. ಡಾಕ್ಟರು ಹೇಳಿದ್ದು ನಿಜವಾಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಮನೆಯೊಳಗಿಂದ ಎದ್ದು ಹೊಸ್ತಿಲಾಚೆ ಹೋಗಿ ಕೂತ ಹಾಗಾಯಿತು. ಅತ್ತೆ ನೆಟ್ಟಗೆ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ನಾನೂ ಆ ಖಾಲಿ ನೆಲವನ್ನೇ ನೋಡುತ್ತಿದ್ದೆ. ಅಷ್ಟು ದಿನ ಅವಳಿಗೆ ಹೆದರಿದ್ದ ನಾನು ಅಂದು ಮನಸ್ಸಿನಲ್ಲೇ, ಬಾರೇ ನಮ್ಮವ್ವ, ಒಂದು ಸಲ ಬಂದು ಹೋಗು ಎಂದು ಕರೆದೆ. ಮಗ್ಗದ ಸದ್ದು ನಿಂತಿತು. ಸಂಜೆಯಾಯಿತು. ಅತ್ತೆ ಬಟ್ಟಲನ್ನು ತಾವೇ ಎತ್ತಿ ಒಳಗಿಟ್ಟರು.

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ. ದಿನಾ ಮಧ್ಯಾಹ್ನ ಅವರು ಒಳ್ಳೇ ಸೀರೆ ಉಟ್ಟು ಕೂರುತ್ತಿದ್ದರು. ದೊಡ್ಡ ಗುಳಿಗೆ ಕೇಳಲಿಲ್ಲ. ನಾನು ಏನಾದರೂ ಅನ್ನಲು ಹೋದರೆ ಕೈ ಎತ್ತಿ ತಡೆಯುತ್ತಿದ್ದರು.

ಹೀಗೇ ದಿನ ಕಳೆದವು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು, ತನ್ನ ಗಂಡ ಕಬನೂರಿನ ಸಂತೆಯಲ್ಲಿ ಮೇಕೆ ಕೊಳ್ಳಲು ಹೋಗಿ ಬರಿಗೈಯಲ್ಲಿ ಚಪ್ಪಲಿಯನ್ನೂ ಕಳೆದುಕೊಂಡು ಬಂದ ಕಥೆ ಹೇಳಿದಳು. ಅತ್ತೆ ರಾಟೆ ಬಿಟ್ಟು, ಎಡಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದವಳು ಹೋದಳು, ಅವರು ಮತ್ತೆ ಕಂಡಿಕೆ ಸುತ್ತತೊಡಗಿದರು. ದೀಪ ಹಚ್ಚುವ ಹೊತ್ತಿಗೆ ರಾಟೆ ತಟ್ಟನೆ ನಿಂತಿತು. ತಿರುಗಿ ನೋಡಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ನೋವು ತುದಿಗೇರಿದ ದಿನಗಳಲ್ಲೂ ಆ ಮುಖ ಅಷ್ಟು ಕಂಗೆಟ್ಟಿರಲಿಲ್ಲ.

"ಇವತ್ತ ನಾ ಅಕೀ ದಾರಿ ನೋಡೂದ ಮರತ್ನಲಾ" ಅಂದರು.

ಆ ಹೊತ್ತಿನಲ್ಲಿ ಕಡಲೆಯಷ್ಟು ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ. ಅವರು ಕೇಳಲಿಲ್ಲ.