ಹನುಮಕ್ಕನೇ ಕೇಂದ್ರ

ಅಂಗವಿಕಲರ ಮನೆಮನೆಗೆ ಹೋಗಿ 'ವ್ಯಕ್ತಿ ಕೇಂದ್ರಿತ ಯೋಜನೆ'ಯ ಫಾರಂ ತುಂಬುವುದು ನನ್ನ ಕೆಲಸ. ಗಡಿಯಾಚೆ ತೆಲುಗು ಸೀಮೆಗೆ ಸೇರಿದ ಕುಂದುರ್ಪಿಯಲ್ಲಿ ಎರಡೂ ಕಾಲು ಸ್ವಾಧೀನವಿಲ್ಲದ ಹನುಮಕ್ಕನಿಗೆ ಯೋಜನೆಯ ಹೆಸರು ಓದಿ ಹೇಳಿದೆ.

"ಆ ಕೇಂದ್ರ ಎಲ್ಲೈತಪ್ಪ? ಎಷ್ಟು ಮೆಟ್ಲು?" ಅಂದಳು.

"ಕೇಂದ್ರ ಅಂದ್ರೆ ಆಫೀಸಲ್ಲ ಕಣಕ್ಕ, ನೀನೇ. ಎಲ್ಲಾ ನಿನ್ನ ಸುತ್ತಾನೇ ನಡೀಬೇಕು," ಎಂದು ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ.

ಅವಳ ಮುಖ ಅರಳಿತು. "ಹಂಗಾದ್ರೆ ಮೂರು ಗಾಲಿ ಗಾಡಿ ಕೊಡಿಸ್ತೀರಾ?"

"ಓ, ಕೊಡಿಸ್ತೀವಿ. ಕಲ್ಯಾಣದುರ್ಗಕ್ಕೆ ಬಂದು, ಮಹಡಿ ಮೇಲಿನ ಆಫೀಸಲ್ಲಿ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಬೇಕು, ಅಷ್ಟೇ."

"ಗಾಡಿ ಇಲ್ದೆ ಹೆಂಗಪ್ಪ ಬರ್ಲಿ? ನಾನೇ ಕೇಂದ್ರ ಅಂದ್ಯಲ್ಲ, ಆ ಮಿಷನ್ನೇ ಇಲ್ಲಿಗೆ ಬರ್ಲಿ. ಬರ್ಕೋ."

ನ್ಯಾಯವಾದ ಮಾತು. 'ವ್ಯಕ್ತಿಯ ಆಸೆ' ಎಂಬ ಕಾಲಮ್ಮಿನಲ್ಲಿ ಬರೆದೆ: ಹೆಬ್ಬೆಟ್ಟಿನ ಮಿಷನ್ ಕೇಂದ್ರದ ಬಳಿಗೇ ಬರಬೇಕು. ಫಾರಂ ತೆಲುಗಿನದು, ಆದರೆ ಅಲ್ಲೂ ಕೇಂದ್ರ ಕೇಂದ್ರವೇ.

ವಾರ ಕಳೆದು ಫಾರಂ ಮಹಡಿಯಿಂದ ವಾಪಸ್ ಇಳಿದು ಬಂತು. ಮೂಲೆಯಲ್ಲಿ ಕೆಂಪು ಶಾಯಿಯ ಷರಾ: "ಕೇಂದ್ರ ಸರ್ಕಾರದ ವಿಷಯ ನಮಗೆ ಸೇರಿದ್ದಲ್ಲ. ದಿಲ್ಲಿಗೆ ಬರೆಯಿರಿ."

ಹೋಗಿ ಹನುಮಕ್ಕನಿಗೆ ಓದಿ ಹೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ.

"ದಿಲ್ಲೀಲಿ ಎಷ್ಟು ಮೆಟ್ಲಪ್ಪ?" ಅಂದಳು.