ಹ್ಯಾಂಡಲ್ ಕಾಯುತ್ತಿದ್ದ ಮೇಸ್ತ್ರಿ

ರೊಟ್ಟಿ ಬಡಿಯುತ್ತಿದ್ದೆ. ಹೊಳೆಯಿಂದ ಮೈದುನ ಓಡಿ ಬಂದ. "ಅತ್ತಿಗಿ, ಇವತ್ತು ನಮ್ಮ ಸರತಿ. ಆದ್ರ ಮೇಸ್ತ್ರಿ ಹ್ಯಾಂಡಲ್ ಕೊಡವಲ್ಲ. ಆಚಿ ದಂಡಿಯವ್ರ ಕಡಿ ಆಗ್ಯಾನ!"

ನಮ್ಮ ಯಜಮಾನರು ಬಡಿಗೆ ಎತ್ತಿಕೊಂಡರು.

ನಮ್ಮೂರು ಹಲವಾಗಲಿನ ಹೊಳೆ ಬೇಸಿಗೆಯಲ್ಲಿ ಒಂದು ಮಡುವಾಗಿ ಉಳಿಯುತ್ತಿತ್ತು. ಜಗಳ ಬೇಡವೆಂದು ಎರಡೂ ದಡದವರು ಹೊಲಕ್ಕೆ ನೀರೆತ್ತುವ ತಮ್ಮ ಡೀಸೆಲ್ ಎಂಜಿನ್ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲ್‌ಗಳನ್ನು ರಿಪೇರಿ ಮೇಸ್ತ್ರಿಗೆ ಒಪ್ಪಿಸಿದ್ದರು. ಸರತಿ ಬಂದವರಿಗಷ್ಟೇ ಹ್ಯಾಂಡಲ್. ಯಾರು ಕೂಗಾಡಿದರೂ ಮೇಸ್ತ್ರಿ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, "ಕುಂದರ್ರಿ, ಸರತಿ ಬರ್ತೈತಿ" ಎನ್ನುತ್ತಿದ್ದರು.

ಯಜಮಾನರು ಹೊಸ್ತಿಲು ದಾಟುವಷ್ಟರಲ್ಲಿ ಮೇಸ್ತ್ರಿಯೇ ಅಂಗಳಕ್ಕೆ ಬಂದು, ಹೆಗಲ ಮೇಲಿದ್ದ ಗೋಣಿಚೀಲ ಇಳಿಸಿದರು. ಹ್ಯಾಂಡಲ್‌ಗಳು ಖಣಖಣ ಎಂದವು.

"ಮಡುವಿನ್ಯಾಗ ದನ ಕುಡಿಯೋವಷ್ಟ ನೀರು ಉಳದಾವ್ರಿ. ಎಲ್ಲಾ ಎಂಜಿನ್ ಬಂದ್. ಎರಡೂ ದಂಡಿ ಹಿರೇರು ಒಪ್ಯಾರ."

"ನಮ್ಮ ಸರತಿಗೇ ಬಂದ್ ಆಗಬೇಕೇನು? ಮೆಣಸಿನಗಿಡ ಒಣಗಾಕ ಹತ್ಯಾವು!" ಯಜಮಾನರ ಬಡಿಗೆ ಮೇಲೆದ್ದಿತು.

ಮೇಸ್ತ್ರಿ ಹಿಂದೆ ಸರಿಯಲಿಲ್ಲ. ಎಣ್ಣೆಬಟ್ಟೆ ತೆಗೆದು ಕೈ ಒರೆಸಿಕೊಂಡರು. "ಅದಕ್ಕ ನಿಮ್ಮ ಮನಿಗೇ ತಂದೀನಿ. ಹ್ಯಾಂಡಲ್ ಸರತಿ ತಪ್ಪಿದವ್ರ ಮನ್ಯಾಗ ಇದ್ರ ಉಳಿದವ್ರು ಕೇಳಾಕ ಬರಂಗಿಲ್ಲ. ನೀವ ಕಾಯ್ರಿ."

ಯಜಮಾನರು ಚೀಲದ ಬಾಯಿ ಬಿಚ್ಚಿ ನೋಡಿದರು. ನಮ್ಮ ಹ್ಯಾಂಡಲ್ಲೂ ಅದರಲ್ಲಿತ್ತು. ಆಮೇಲೆ ಬಡಿಗೆಯನ್ನು ಗೋಡೆಗೆ ಒರಗಿಸಿ, ಚೀಲವನ್ನು ಗೋಡೆಯೊಳಗಿನ ದೇವರ ಮಾಡದ ಕೆಳಗಿಡಲು ನನಗೆ ಹೇಳಿದರು. ಮೇಸ್ತ್ರಿಯ ಕಡೆ ತಿರುಗಿ, "ಕುಂದರ್ರಿ" ಎಂದರು.

ಗಿಡ ಉಳಿಯುತ್ತದೋ ಇಲ್ಲವೋ, ಆ ಬಡಿಗೆ ಯಾರ ಮೈಮೇಲೂ ಬೀಳದಂತೆ ಶಿವ ಕಾಯ್ದನಲ್ಲ ಎಂದು ಮಾಡಕ್ಕೆ ಕೈಮುಗಿದೆ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಮೇಸ್ತ್ರಿಗೂ ಆಗುವಷ್ಟು ಹಿಟ್ಟು ನಾದಲು ಕೂತೆ.